ಎದುರಂಗಡಿ ಕಾಕಾ, ನನ್ನ ನೋಟ್‌ಬುಕ್ಕು

ಎದುರಂಗಡಿಯವರಿಗಿಂತ ಒಂದು ಕೆಲಸವನ್ನಾದರೂ ಚೆಂದ ಮಾಡಬೇಕೆಂದು ನಾನು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಸಿಂಧನೂರಿನಲ್ಲಿ ನನ್ನದು ಬೋರ್ಡು ಮತ್ತು ಮಂಟಪ ಅಲಂಕಾರದ ಅಂಗಡಿ. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಯಾವ ವಸ್ತು ಬಿಸಿಲಿಗೆ ಎಷ್ಟು ದಿನ ತಾಳುತ್ತದೆಂದು ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಎದುರಂಗಡಿ ಕಾಕಾ ಏಳನೇ ತರಗತಿಗೆ ಶಾಲೆ ಬಿಟ್ಟವರು. ವಸ್ತುವನ್ನು ಬೆರಳಿನಿಂದ ತಟ್ಟುತ್ತಾರೆ, ಮೂಸುತ್ತಾರೆ, "ಹ್ಞೂಂ, ನಡೀತದ" ಅನ್ನುತ್ತಾರೆ. ಗಿರಾಕಿಗಳೆಲ್ಲ ಅವರ ಕಡೆಗೇ. ಒಮ್ಮೆಯಾದರೂ ಅವರ ಬಾಯಿಂದ ‘ಭೇಷ್’ ಅನ್ನಿಸಿಕೊಳ್ಳಬೇಕು ಎಂಬುದೇ ನನ್ನ ಹಟ.

ಥರ್ಮಾಕೋಲ್

ಲಿಂಗಸುಗೂರಿನ ಒಂದು ಮದುವೆಗೆ ಕಾಕಾ ಗೋಣಿತಟ್ಟಿನಲ್ಲಿ ಹೂ ಕತ್ತರಿಸಿ ಮಂಟಪ ಕಟ್ಟಿದರು. ಜನ ಊಟ ಬಿಟ್ಟು ಫೋಟೊ ತೆಗೆಸಿಕೊಂಡರು. ಮರುದಿನ ಅದೇ ಕಲ್ಯಾಣಮಂಟಪದಲ್ಲಿ ನನ್ನ ಸರದಿ. ಥರ್ಮಾಕೋಲಿನಲ್ಲಿ ಆಳೆತ್ತರದ ‘ಶುಭ ವಿವಾಹ’ ಕೊರೆದು ನಿಲ್ಲಿಸಿ, ಬಂಗಾರದ ಬಣ್ಣ ಸ್ಪ್ರೇ ಮಾಡತೊಡಗಿದೆ. ಥಿನ್ನರ್ ಬೆರೆತ ಬಣ್ಣಕ್ಕೆ ಥರ್ಮಾಕೋಲ್ ಕರಗುತ್ತದೆಂದು ಡಿಗ್ರಿ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನು ನಾನು. ಆಗ ನೆನಪಾಗಲಿಲ್ಲ. ‘ಶುಭ’ ಕರಗಿಹೋಯಿತು. ಕೈ ನಿಲ್ಲಿಸಿದ್ದರಿಂದ ‘ವಿವಾಹ’ ಉಳಿಯಿತು.

ತಮ್ಮ ಗೋಣಿತಟ್ಟು ಬಿಚ್ಚಿ ಒಯ್ಯಲು ಬಂದಿದ್ದ ಕಾಕಾ ನಿಂತು ನೋಡಿದರು.

"ಖರೇ ಬರದಿ ನೋಡು. ಮೂವತ್ತು ವರ್ಷ ಆತು, ನಮ್ಮ ಮನ್ಯಾಗೂ ಅಷ್ಟ ಉಳದದ."

ಹಳೇ ಫ್ಲೆಕ್ಸ್

ಕಾಕಾ ಹಳೆಯ ಫ್ಲೆಕ್ಸ್ ಬ್ಯಾನರು ಮಗುಚಿ, ಅದರ ಬಿಳಿ ಬೆನ್ನಿನ ಮೇಲೆ ಕೈಯಿಂದ ಬೋರ್ಡು ಬರೆಯುತ್ತಿದ್ದರು. ಮೂರು ದಿನ ಕಿಟಕಿಯಿಂದ ನೋಡಿ ಪ್ರತಿ ಹಂತವನ್ನೂ ನೋಟ್‌ಬುಕ್ಕಿಗೆ ಇಳಿಸಿದೆ. ಮುದಗಲ್ಲಿನ ಮಿಠಾಯಿ ಅಂಗಡಿಗೆ ಹಾಗೆಯೇ ಮಾಡಿಕೊಟ್ಟೆ. ಹಗಲಿನಲ್ಲಿ ಚೆಂದವೇ ಇತ್ತು. ಸಂಜೆ ಮಾಲೀಕರು ಬೋರ್ಡಿನ ಹಿಂದಿನ ಟ್ಯೂಬ್‌ಲೈಟು ಹಾಕಿದರು. ‘ತಾಜಾ ಜಿಲೇಬಿ’ಯ ನಡುವೆ ಹಾರ ಹಾಕಿಕೊಂಡ ಅಜ್ಜರೊಬ್ಬರು ಮೂಡಿಬಂದರು. ನಾನು ಮಗುಚಿದ್ದು ಶ್ರದ್ಧಾಂಜಲಿ ಬ್ಯಾನರು.

ಕಾಕಾ ಮೊದಲು ಹಳೆಯ ಚಿತ್ರದ ಮೇಲೆಲ್ಲ ಕಪ್ಪು ಬಣ್ಣ ಬಳಿಯುತ್ತಾರಂತೆ. ಆ ಹೊತ್ತಿಗೆ ನಾನು ಚಹಾಕ್ಕೆ ಹೋಗಿದ್ದೆ.

ಜಿಲೇಬಿ ಕೊಳ್ಳಲು ಬಂದ ಹೆಂಗಸು ಬೋರ್ಡನ್ನೇ ನೋಡುತ್ತ ಮಾಲೀಕರನ್ನು ಕೇಳಿದಳು: "ಇವರು ನಿಮ್ಮಲ್ಲಿ ಏನ್ ತಿಂದಿದ್ರು ರೀ?"

ಹೊಟ್ಟು

ಮಸ್ಕಿಯ ಅಕ್ಕಿ ಮಿಲ್ಲಿನ ಮಾಲೀಕರಿಗೆ ಹೊಸ ಆಫೀಸಿನ ಗೋಡೆಗೆ ಚಿತ್ರ ಬೇಕಿತ್ತು. ನೀವಿಬ್ಬರೂ ಒಂದೊಂದು ಮಾದರಿ ಮಾಡಿಡಿ, ಅಂಗಡಿಗೇ ಬಂದು ನೋಡುತ್ತೇನೆ ಎಂದರು. ಕಾಕಾ ಅವರದೇ ಮಿಲ್ಲಿನ ಭತ್ತದ ಹೊಟ್ಟು ತಂದು, ಗೋಂದಿನಲ್ಲಿ ಕಲಸಿ, ಹಲಗೆಯ ಮೇಲೆ ಗದ್ದೆ ಮೂಡಿಸಿದರು. ತುರ್ವಿಹಾಳದಲ್ಲಿ ಹೊಟ್ಟಿನ ರಾಶಿಯ ಮೇಲೆ ಜಾರಿ ಬೆಳೆದವನು ನಾನು. ನನಗೇಕೆ ಹೊಳೆಯಲಿಲ್ಲ? ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ನಾನೂ ಹೊಟ್ಟು ತಂದೆ. ಕಾಕಾನದಕ್ಕಿಂತ ಎರಡು ಪಟ್ಟು ದೊಡ್ಡ ಹಲಗೆ, ಎರಡು ಪಟ್ಟು ದಪ್ಪ.

ಮಾಲೀಕರು ಬರುವ ದಿನವೂ ಅದು ಒಣಗಿರಲಿಲ್ಲ. ಕೆಳಗೆ ಕರೆಂಟ್ ಒಲೆ ಇಟ್ಟೆ. ಹೊಟ್ಟು ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಅಂಗಡಿ ತುಂಬ ಹೊಗೆ. ಮಾಲೀಕರ ಕಾರು ಬಂದು ನಿಲ್ಲುವುದಕ್ಕೂ ನಾನು ಬೀದಿಗೆ ಓಡಿ ಕೂಗುವುದಕ್ಕೂ ಸರಿಹೋಯಿತು:

"ಹೊಟ್ಟಿಗೆ ಕಿಚ್ಚು ಬಿದ್ದದ! ಹೊಟ್ಟಿಗೆ ಕಿಚ್ಚು ಬಿದ್ದದ್ರೀ!"

ನಮ್ಮ ಕಡೆ ಹೊಟ್ಟೆಗೆ ‘ಹೊಟ್ಟಿ’ ಎಂದೇ ಅನ್ನುವುದು. ಚಹಾದಂಗಡಿ ಅವ್ವ ಮಜ್ಜಿಗೆ ಲೋಟ ಹಿಡಿದು ಬಂದಳು.

"ಕುಡಿ ತಮ್ಮಾ, ತಣ್ಣಗಾಗ್ತದ."

"ನಂದಲ್ಲಬೇ, ಹಲಗೀದು!"

ಕಾಕಾ ಕುಂಚ ತೊಳೆಯುವ ಬಕೆಟ್ಟು ತಂದು ಸುರಿದರು. ಹಲಗೆ ಚುಂಯ್ ಎಂದಿತು. ಆಮೇಲೆ ಮಾಲೀಕರಿಗೂ ಕೇಳುವಂತೆ, ನನ್ನ ಹೆಗಲು ತಟ್ಟಿ ಹೇಳಿದರು:

"ಭೇಷ್ ತಮ್ಮಾ! ನೀ ಅಂಗಡಿ ತೆರದ ದಿನದಿಂದ ನನಗ ಗೊತ್ತಿತ್ತು. ನೀ ಬಾಯಿಬಿಟ್ಟು ಹೇಳಿದ್ದು ಇವತ್ತ."