ನಮ್ಮ ಮಾಮಾನ ಇಲಿ ಬೀಗತನ

ಊರ ಮಂದಿಯೆಲ್ಲ ಇಲಿ ಬೇಗ ಸಾಯಲೆಂದು ಪಾಷಾಣ ತರುತ್ತಾರೆ. ಇಲಿ ಮುದಿಯಾಗಿಯೇ ಸಾಯಬೇಕೆಂದು ಹಟ ಹಿಡಿದವರು ಇಡೀ ವಾಡಿ ಊರಿನಲ್ಲಿ ಒಬ್ಬರೇ: ನನ್ನ ಸೋದರಮಾವ! ನನ್ನ ಅಕ್ಕನನ್ನೇ ಕಟ್ಟಿಕೊಂಡದ್ದರಿಂದ ಭಾವನೂ ಹೌದು.

ರೈಲ್ವೆ ನೌಕರಿ ಮುಗಿಸಿದ ವರ್ಷ ಒಂದು ಜೋಡಿ ಬಿಳಿ ಇಲಿ ತಂದು ಸಾಕಿದರು. ಎರಡು ವರ್ಷ ತುಂಬುವುದರೊಳಗೆ ಹೆಣ್ಣಿಗೆ ಹೊಟ್ಟೆಯಡಿ ಗಂಟು, ಗಂಡಿಗೆ ದಮ್ಮು. ಎರಡೂ ಹೋದವು. ಮರಿಗಳಲ್ಲಿ ಕೆಲವನ್ನು ಕೇಳಿದವರಿಗೆಲ್ಲ ಕೊಟ್ಟಿದ್ದರು; ಉಳಿದವುಗಳಲ್ಲೂ ಕೆಲವು ಅದೇ ದಾರಿ ಹಿಡಿದವು. ಬೇರೆಯವರಾಗಿದ್ದರೆ ಪಂಜರ ಗುಜರಿಗೆ ಹಾಕುತ್ತಿದ್ದರು. ಮಾಮಾ?

"ಇದು ಖಾಂದಾನಿ ರೋಗ. ಚಲೋ ಮನಿತನ ನೋಡಿ ಸಂಬಂಧ ಬೆಳಸ್ತೀನಿ. ನಮ್ಮ ಇಲಿ ಇನ್ನ ಮ್ಯಾಲ ರೋಗ ಬಂದು ಸಾಯಬಾರ್ದು!"

ಶುರುವಾಯಿತು ಕನ್ಯಾಶೋಧ. ಶಹಾಬಾದಿನ ಅಂಗಡಿಯಲ್ಲಿ, "ಇದರ ಅಜ್ಜಿ ಏನಾಗಿ ಸತ್ತಳು? ಅಜ್ಜಗ ದಮ್ಮಿತ್ತೇನು?" ಎಂದು ವಿಚಾರಿಸಿದರೆ ಅಂಗಡಿಯವನು ಕೈಮುಗಿದ. "ಕಾಕಾ, ನಿಮಗ ಇಲಿ ಬೇಕೋ, ಸೊಸಿ ಬೇಕೋ?"

ಮನೆಯಲ್ಲಿ ಇನ್ನೊಂದು ಶಿಸ್ತು. ದಿನಾ ಊಟವಾದ ಮೇಲೆ ಒಂದೊಂದೇ ಇಲಿಯನ್ನು ಕಿವಿಗೆ ಹಿಡಿದು ಎದೆಯ ಸದ್ದು ಕೇಳಬೇಕು. ಗೊರಗೊರ ಎಂದರೆ ಅದಕ್ಕೆ ಮದುವೆಯಿಲ್ಲ. ಅದೂ ವಾಡಿಯ ಮೇ ತಿಂಗಳ ಮಧ್ಯಾಹ್ನದಲ್ಲಿ!

"ಪಂಖಾ ಬಂದ್ ಮಾಡು, ಉಸಿರು ಕೇಳಾಕತ್ತೀನಿ."

"ಅದರ ಉಸಿರು ಕೇಳ್ಕೋತ ಕುಂದ್ರಿ ನೀವು, ಇಲ್ಲಿ ನಮ್ಮ ಉಸಿರು ನಿಂದ್ರಾಕತ್ತದ!" ಎನ್ನುತ್ತಿದ್ದಳು ಅಕ್ಕ.

ಗಂಡಿಗಂತೂ ಒಂದೂವರೆ ವರ್ಷದವರೆಗೆ ಕಡ್ಡಾಯ ಬ್ರಹ್ಮಚರ್ಯ. ಅಷ್ಟರೊಳಗೆ ಗಂಟು, ದಮ್ಮು ಕಾಣದಿದ್ದರೆ ಮಾತ್ರ ವರ. ಹಾಗೆ ಪಾಸಾದ ಒಬ್ಬನೇ ಒಬ್ಬ ವರನಿಗೆ ಚಿಂಚೋಳಿಯಲ್ಲೊಂದು ಕನ್ಯೆ ಇದೆಯೆಂದು ಗೊತ್ತಾಯಿತು. ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಮಾಮಾ ಬಸ್ಸು ಹತ್ತಿದರು. ಹೆಣ್ಣು ಮೈತುಂಬಿಕೊಂಡಿತ್ತು, ಕಣ್ಣು ಚುರುಕು, ಎದೆ ಶುದ್ಧ. ಮಾಮಾ ಚಹಾ ಕುಡಿದು "ಪಸಂದ್" ಎಂದರು. ಹೆಣ್ಣಿನ ಕಡೆಯ ಗೃಹಸ್ಥರು ಹಿಗ್ಗಿಬಿಟ್ಟರು.

"ಆಗ್ದೇ ಏನ್ರೀ? ಇದರವ್ವನ್ನ ನಮಗ ಕೊಟ್ಟವ್ರು ನೀವೇ ಅಲ್ಲೇನ್ರಿ!"

ಮಾಮಾನ ಮುಖ ಇಳಿಯಿತು. ಕನ್ಯೆ ವರನಿಗೆ ಅಕ್ಕನ ಮಗಳು! "ಒಂದೇ ರಕ್ತ. ಇದ್ದ ರೋಗ ಇಮ್ಮಡಿ ಆಗ್ತದ. ಆಗಂಗಿಲ್ಲ" ಎಂದು, ಕನ್ಯೆಗೆಂದು ತಂದಿದ್ದ ಖಾಲಿ ಪಂಜರ ಎತ್ತಿಕೊಂಡು ಎದ್ದೇಬಿಟ್ಟರು. ಬಸ್ಸಿನಲ್ಲಿ ಅಕ್ಕ ಸುಮ್ಮನಿರುತ್ತಾಳೆಯೇ?

"ಅಕ್ಕನ ಮಗಳು ಬ್ಯಾಡ ಅನ್ನೋ ಶಾಣ್ಯಾತನ, ನನ್ನ ಕೊಳ್ಳಿಗಿ ತಾಳಿ ಕಟ್ಟೋವಾಗ ಎಲ್ಲಿಟ್ಟಿದ್ರಿ?"

ಸೇಡಂ ದಾಟುವವರೆಗೂ ಮಾಮಾ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಆದರೆ ಹಟ ಬಿಡಲಿಲ್ಲ. ಚಿತ್ತಾಪುರದಲ್ಲಿ ಬೇರೆ ಮನೆತನದ ಹೆಣ್ಣು ಹುಡುಕಿದರು. ಆ ಸಂಬಂಧದಲ್ಲಿ ಹುಟ್ಟಿದ ಒಂದು ಹೆಣ್ಣುಮರಿ ಬೆಳೆದು ಎರಡು ವರ್ಷ ದಾಟಿತು, ಎರಡೂವರೆ ದಾಟಿತು. ಮೈಯೆಲ್ಲ ತಡಕಿದರೂ ಗಂಟಿಲ್ಲ. ಮೂರೂ ತುಂಬಿತು. ಮೊನ್ನೆ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ಇಲಿ ಹೋಯಿತೆಂದಳು. ಓಡಿದೆ.

"ಗಂಟೇನ್ರಿ ಮಾಮಾ?"

"ಇಲ್ಲವ್ವಾ."

"ದಮ್ಮೇನ್ರಿ?"

"ಅದೂ ಇಲ್ಲ. ಬರೇ ವಯಸ್ಸಾಗಿತ್ತು."

ಗೆದ್ದ ಮನುಷ್ಯ ನಗಬೇಕಲ್ಲವೇ? ಇಷ್ಟು ವರ್ಷ ಒಂದೊಂದು ಇಲಿ ಹೋದಾಗಲೂ ಮಾಮಾ ರೋಗವನ್ನು ಬೈದು ಎದ್ದು ನಿಲ್ಲುತ್ತಿದ್ದರು. ಈ ಸಲ ಬೈಯಲು ರೋಗವೇ ಇರಲಿಲ್ಲ. ಅಂಗೈಯಲ್ಲಿದ್ದ ಹಿಡಿಯಷ್ಟು ಜೀವವನ್ನು ನೋಡುತ್ತಾ ಮಕ್ಕಳಂತೆ ಬಿಕ್ಕಿದರು.

ಅಕ್ಕ ಪಕ್ಕದಲ್ಲಿ ಕುಳಿತು ಸೆರಗಿನಿಂದ ಅವರ ಮುಖ ಒರೆಸಿದಳು.

"ಅಳಬ್ಯಾಡ್ರಿ. ಪೂರಾ ಬಾಳಿ ಹೋಗ್ಯದ ಅದು."