ಖಾಲಿ ಹೋಗಬಾರದ ತಟ್ಟೆ

ನಮ್ಮ ಅತ್ತಿಗೆ ಕಳ್ಳಿ ಅಂದರೆ ನಂಬುತ್ತೀರಾ? ನಂಬಲೇಬೇಕು! ಅಬುಧಾಬಿಯ ಅರಬ್ಬಿ ಅಜ್ಜಿಯೊಬ್ಬರ ತಟ್ಟೆಯನ್ನು ದುಬೈಗೆ ಹೊತ್ತು ತಂದು ವರ್ಷಗಟ್ಟಲೆ ಶೋಕೇಸಿನಲ್ಲಿ ಇಟ್ಟುಕೊಂಡವರು ಅವರು. ನೀಲಿ ಅಂಚಿನ ಪಿಂಗಾಣಿ ತಟ್ಟೆ. ಅಣ್ಣ ಒಮ್ಮೆ ಅದರಲ್ಲಿ ಇಡ್ಲಿ ಹಾಕಿಕೊಂಡದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್!

ಕಳ್ಳತನಕ್ಕೂ ಅವರದೊಂದು ನ್ಯಾಯವಿತ್ತು ಅನ್ನಿ. ಮಗಳು ಹುಟ್ಟಿದಾಗ ಅವರಿದ್ದದ್ದು ಅಬುಧಾಬಿಯಲ್ಲಿ. ಊರಿನಿಂದ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತಿಯನ್ನು ನೋಡಿಕೊಂಡದ್ದು ಪಕ್ಕದ ಮನೆಯ ಆ ಅಜ್ಜಿ. ಅತ್ತಿಗೆಯ ಬಾಯಲ್ಲಿ 'ಯುಮ್ಮಾ', ಅಂದರೆ ಅಮ್ಮ. ಬೆಳಗಾದರೆ ಬಿಸಿಬಿಸಿ ಖಮೀರ್ ಬರುತ್ತಿತ್ತು. ಖರ್ಜೂರದ ರಸ, ಏಲಕ್ಕಿ, ಕೇಸರಿ ಹಾಕಿದ ಹಿಟ್ಟನ್ನು ಹುದುಗಿಸಿ, ಮೇಲೆ ಎಳ್ಳು ಉದುರಿಸಿ ಬೇಯಿಸುವ ಈ ರೊಟ್ಟಿ ಅಲ್ಲಿಯವರ ಬೆಳಗಿನ ತಿಂಡಿ. ಅಣ್ಣನಿಗೆ ದುಬೈಗೆ ವರ್ಗವಾಗಿ ಪಿಕಪ್ಪಿಗೆ ಸಾಮಾನು ಏರಿಸುವಾಗಲೂ ಒಂದು ತಟ್ಟೆ ಬಂತು. ರೊಟ್ಟಿ ದಾರಿಯಲ್ಲೇ ಮುಗಿಯಿತು, ತಟ್ಟೆ ಉಳಿಯಿತು.

"ತುಂಬಿ ಬಂದ ತಟ್ಟೆ ಖಾಲಿ ಹೋಗ್ಬಾರ್ದು" ಎಂದರು ಅತ್ತಿಗೆ. ಚಕ್ಕುಲಿ ತುಂಬಿಸಿ ಕೊಡಿ ಅಂದೆ.

"ಖಮೀರ್ ತಿಂದು ಚಕ್ಕುಲಿ ಕೊಡುವುದಾ? ನಿಂಗೆ ಮಂಡೆ ಸಮ ಉಂಟಾ ಮಾರಾಯ?"

ಹೀಗೆ ದುಬೈಯ ಅಲ್ ಮುರಕ್ಕಬಾತಿನ ಅವರ ಫ್ಲಾಟಿನಲ್ಲಿ ಖಮೀರ್ ಯಜ್ಞ ಶುರುವಾಯಿತು. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ನಾನಿದ್ದ ಸತ್ವಾದಿಂದ ಬಸ್ಸು ಹತ್ತಿ ಹೋಗಿ ರುಚಿ ನೋಡುವ ಬಲಿಪಶು ನಾನು.

ಮೊದಲ ಸಲ ಹಿಟ್ಟನ್ನು ಜುಲೈ ತಿಂಗಳ ಬಾಲ್ಕನಿಯಲ್ಲಿ ಇಟ್ಟರು. ಊರಿನ ಇಡ್ಲಿ ಹಿಟ್ಟಿನ ಅಂದಾಜು! ದುಬೈ ಸೆಕೆ ಬಿಡುತ್ತದೆಯೇ? ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ಪಾತ್ರೆ ದಾಟಿ, ಒಣಗಲು ಹಾಕಿದ್ದ ಅಣ್ಣನ ಆಫೀಸ್ ಪ್ಯಾಂಟಿನ ಕಾಲು ಹಿಡಿದಿತ್ತು. ಮುಂದಿನ ವಾರ ಎಸಿ ರೂಮಿನಲ್ಲಿ ಇಟ್ಟರು; ಹಿಟ್ಟು ಅಲುಗಾಡಲಿಲ್ಲ. ಮಗಳು ರೊಟ್ಟಿಯನ್ನು ಮೇಜಿಗೆ ಕುಟ್ಟಿ, "ಮಮ್ಮಿ, ಈಸ್ ದಿಸ್ ಫುಡ್?" ಅಂದಳು.

"ತಿನ್ನು, ಹಲ್ಲು ಗಟ್ಟಿ ಆಗ್ತದೆ." ಅತ್ತಿಗೆಯ ಉತ್ತರ ಯಾವಾಗಲೂ ತಯಾರು.

ಆದರೆ ಒಂದು ಶುಕ್ರವಾರ ಖಮೀರ್ ಆಯಿತು ನೋಡಿ! ಮುರಿದರೆ ಹತ್ತಿಯ ಹಾಗೆ. ನಾನು ನಾಲ್ಕು ತಿಂದು, "ಯಲ್ಲಾ ಅತ್ತಿಗೆ, ಅಬುಧಾಬಿಗೆ ಹೋಗುವಾ" ಅಂದೆ. ಎಳ್ಳು ಹೆಚ್ಚಾಯಿತಂತೆ. ಮುಂದಿನ ವಾರ ಕೇಸರಿ ಕಡಿಮೆ. ಅದರ ಮುಂದಿನ ವಾರ ಎಲ್ಲವೂ ಸರಿಯಿತ್ತು, ಆದರೆ ಅಮಾವಾಸ್ಯೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೆನ್ನಾಗಿ ಕುಣಿಯುವವರೂ ಹಾಗೆ ಅನ್ನುವುದನ್ನು ನಾನು ಇಲ್ಲೇ ಕಂಡದ್ದು.

ಹೀಗೇ ವರ್ಷಗಳು ಕಳೆದು ಅಣ್ಣ ರಿಟೈರ್ ಆದ. ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್. ಕೊನೆಯ ಶುಕ್ರವಾರವೂ ಅತ್ತಿಗೆ, "ಏಲಕ್ಕಿ ಯಾಕೋ ಸರಿ ಇಲ್ಲ" ಎಂದಾಗ ನನಗೆ ರೇಗಿತು.

"ಇಷ್ಟು ಚಂದ ಮಾಡ್ಲಿಕ್ಕೆ ಆ ಅಜ್ಜಿಗೂ ಬರ್ಲಿಕ್ಕಿಲ್ಲ. ಇನ್ನೆಂತ ಬೇಕು ನಿಮ್ಗೆ?"

ಅತ್ತಿಗೆ ಒಲೆ ಆರಿಸಿದರು. "ಸರಿ ಆಗಿ ಎಷ್ಟೋ ಕಾಲ ಆಯ್ತು, ನಂಗೆ ಗೊತ್ತುಂಟು. ಈದ್‌ಗೆ ಫೋನ್ ಮಾಡಿದಾಗ 'ತಟ್ಟೆ ತರ್ತೇನೆ ಯುಮ್ಮಾ' ಅಂತ ಹೇಳ್ಲಿಕ್ಕಾದ್ರೂ ಇತ್ತು. ಕೊಟ್ರೆ ಖಲಾಸ್ ಅಲ್ವಾ?"

ನಾನು ಅಣ್ಣನ ಕಾರಿನ ಕೀ ಎತ್ತಿಕೊಂಡೆ.

ಅಬುಧಾಬಿಯಲ್ಲಿ ಅಜ್ಜಿ ಬಾಗಿಲಲ್ಲೇ ಅತ್ತಿಗೆಯನ್ನು ತಬ್ಬಿಕೊಂಡರು. ತಟ್ಟೆಯಲ್ಲಿ ತಂದಿದ್ದ ಖಮೀರ್ ಮುರಿದು ನಿಧಾನವಾಗಿ ಅಗಿದು, "ಜೇನ್, ಜೇನ್" ಎಂದು ತಲೆದೂಗಿದರು, ಚೆನ್ನಾಗಿದೆ ಅಂತ. ಉಳಿದದ್ದನ್ನು ಒಳಗಿಟ್ಟು, ತಟ್ಟೆ ತೊಳೆದು, ಅದರ ತುಂಬ ಖರ್ಜೂರ ಹಾಕಿ ತಿರುಗಿ ಅತ್ತಿಗೆಯ ಕೈಗೇ ಇಡಬೇಕೇ!

"ಯುಮ್ಮಾ, ನಾನು ಊರಿಗೆ ಹೋಗ್ತೇನೆ, ದುಬೈ ಖಲಾಸ್" ಎಂದು ಅತ್ತಿಗೆ ಕನ್ನಡದಲ್ಲೇ ತೊದಲಿದರು. ಅಜ್ಜಿಗೆ ಖಲಾಸ್ ಅನ್ನುವುದೊಂದು ತಿಳಿಯಿತು.

"ಮಾಫಿ ಖಲಾಸ್!" ಮುಗಿಯುವುದೂ ಇಲ್ಲ ಗಿಗಿಯುವುದೂ ಇಲ್ಲ ಎಂಬಂತೆ ಗದರಿ, ಅತ್ತಿಗೆಯ ಬೆರಳುಗಳನ್ನು ತಟ್ಟೆಯ ಅಂಚಿಗೆ ಒತ್ತಿ ಹಿಡಿದರು.

ವಾಪಸ್ ಬರುವಾಗ ಅತ್ತಿಗೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಗಿಸೋಣವೆಂದು, "ಒಂದು ಖರ್ಜೂರ ಸಿಗ್ಬಹುದಾ?" ಅಂದೆ.

ಕಣ್ಣೊರೆಸಿಕೊಂಡು ನನ್ನ ಕೈತುಂಬ ಸುರಿದರು. "ತಿನ್ನು ಮಾರಾಯ, ಎಲ್ಲ ತಿನ್ನು. ತಟ್ಟೆ ಖಾಲಿ ಆದ್ರೆ ಅಲ್ವಾ, ತುಂಬಿಸಿ ತರ್ಲಿಕ್ಕೆ ನಾನು ಇನ್ನೊಮ್ಮೆ ಬರುವುದು?"