ಹಿಂದೂಪುರಕ್ಕೆ ಹೋದ ಟವಲ್ಲು

ನಮ್ಮ ಸೋದರಮಾವನಷ್ಟು ಸಲ ಬಸ್ ಸ್ಟ್ಯಾಂಡಿಗೆ ಹೋದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಅವನಷ್ಟು ಕಡಿಮೆ ಸಲ ಬಸ್ಸು ಹತ್ತಿದವರೂ ಇಲ್ಲ! ತೆಲುಗು ಸೀಮೆಯ ಗಡಿಯಲ್ಲಿರುವ ಕುಂದುರ್ಪಿ ಕಡೆಯ ನಮ್ಮ ಹಳ್ಳಿಯಿಂದ ಪ್ರತಿ ಶನಿವಾರ ಬೆಳಿಗ್ಗೆ ಮೊಪೆಡ್ ಏರಿ ಕಲ್ಯಾಣದುರ್ಗಕ್ಕೆ ಹೋಗುತ್ತಾನೆ. ಬಸ್ ಸ್ಟ್ಯಾಂಡ್ ಪಕ್ಕದ ಗಾಡಿ ಸ್ಟ್ಯಾಂಡಿನಲ್ಲಿ ಅದನ್ನು ಗೇಟಿನ ಕಡೆ ಮುಖಮಾಡಿ ನಿಲ್ಲಿಸಿ, ಅದರ ಮೇಲೆಯೇ ಕೂರುತ್ತಾನೆ. ಸಂಜೆ ಎದ್ದು ವಾಪಸು ಬರುತ್ತಾನೆ. ಬೇರೆಯವರೆಲ್ಲ ಗಾಡಿ ಬಿಟ್ಟು ಪರವೂರಿಗೆ ಹೋಗುವ ಜಾಗದಲ್ಲಿ ಇವನು ಗಾಡಿಗೆ ಜೊತೆಯಾಗಿ ಇರುವುದು!

ಪೇಟೆಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಕುರಿ ರೇಟು ವಿಚಾರಿಸಲು ಎನ್ನುತ್ತಾನೆ. ಕುರಿಗಳನ್ನು ಮಾರಿ ಎಷ್ಟೋ ಕಾಲವಾಯಿತು. ನಮ್ಮ ಅತ್ತೆ, ಅಂದರೆ ಅವನ ಹೆಂಡತಿ, ಕಲ್ಯಾಣದುರ್ಗದಲ್ಲಿ ಇನ್ನೊಂದು ಸಂಸಾರ ಇರಬೇಕೆಂದು ಅನುಮಾನಪಟ್ಟು ಒಂದು ದಿನ ಹಿಂದೆಯೇ ಆಟೋದಲ್ಲಿ ಹೋಗಿ ನೋಡಿದರಂತೆ. ಇವನು ಮೊಪೆಡ್ಡಿನ ಸೀಟಿಗೆ ಕಂಬಳಿ ಹೊದಿಸಿ, ಅದರ ಕನ್ನಡಿ ಒರೆಸುತ್ತಿದ್ದನಂತೆ. "ಸವತಿ ಇದ್ದಿದ್ರೆ ಜಡೆ ಹಿಡ್ದು ಎಳೀಬೋದಿತ್ತು. ಇದ್ರದ್ದು ಏನಮ್ಮ ಹಿಡ್ದು ಎಳೀಲಿ?" ಎಂದು ಅತ್ತೆ ಇವತ್ತಿಗೂ ನಗುತ್ತಾರೆ.

ಆ ಸ್ಟ್ಯಾಂಡಿನಲ್ಲಿ ಗೇಟಿನ ಪಕ್ಕದ ಮೊದಲ ಜಾಗ ಅವನದು. ಯಾರು ಕೊಟ್ಟರು? ಅವನ ಟವಲ್ಲು ಕೊಟ್ಟಿತು! ನಮ್ಮ ಕಡೆ ಬಸ್ಸು ಬಂದರೆ ಬಾಗಿಲ ಹತ್ತಿರ ನೂಕಾಡುವವರು ದಡ್ಡರು. ತಿಳಿದವರು ಕಿಟಕಿಯಿಂದ ಟವಲ್ ಎಸೆಯುತ್ತಾರೆ. ಅದು ಬಿದ್ದ ಸೀಟು ಅವರದು. ಕನ್ನಡದವರು, ತೆಲುಗಿನವರು ಇಬ್ಬರೂ ತಕರಾರಿಲ್ಲದೆ ಒಪ್ಪುವ ಕಾನೂನು ಇದೊಂದೇ ಇರಬೇಕು. ಅದನ್ನು ಬಸ್ಸಿನಿಂದ ನೆಲಕ್ಕೆ ಇಳಿಸಿದವನು ಮಾತ್ರ ನಮ್ಮ ಮಾವ. ಟೀ ಕುಡಿಯಲು ಹೊರಟರೆ (ಅಂಗಡಿ ಎದುರಿಗೇ ಇದೆ, ಆದರೂ ಮೊಪೆಡ್ಡಿನಲ್ಲೇ!) ಜಾಗದ ಮೇಲೆ ಟವಲ್ ಹಾಸಿ ಕಲ್ಲು ಹೇರಿ ಹೋಗುತ್ತಾನೆ. ಒಮ್ಮೆ ಯಾರೋ ಸಾಹೇಬರ ಜೀಪು ಬಂದು ಆ ಟವಲ್ಲಿನ ಮೇಲೆಯೇ ನಿಂತಿತು. ಮಾವ ಜಗಳವಾಡಲಿಲ್ಲ. ಒಂದು ಚೂರು ಹಿಂದೆ ಸರಿದರೆ ಬಡವನ ಟವಲ್ ತೆಗೆದುಕೊಳ್ಳುತ್ತೇನೆ ಎಂದು ಡ್ರೈವರಿಗೆ ಕೈಮುಗಿದ. ಜೀಪು ಹಿಂದೆ ಸರಿಯಿತು. ಮಾವ ಟವಲ್ ಎತ್ತಿಕೊಂಡ, ಮೊಪೆಡ್ ತಂದು ನುಗ್ಗಿಸಿದ!

ಆ ಜಾಗದ ಮೇಲೆ ಅವನಿಗೇಕೆ ಇಷ್ಟು ಮೋಹ? ಅದಕ್ಕೆ ಕಾರಣ ನನ್ನ ಡಿಗ್ರಿ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಕಷ್ಟಪಟ್ಟು ಓದಿದ್ದೇನೆ. ಹಿಂದೂಪುರದ ಹಾಸ್ಟೆಲಿನಲ್ಲಿದ್ದೆ. ಸೋಮವಾರ ಬೆಳಿಗ್ಗೆ ಮಾವ ನನ್ನನ್ನು ಕಲ್ಯಾಣದುರ್ಗಕ್ಕೆ ಕರೆತಂದು, ಬಸ್ಸಿನ ಜೊತೆ ಓಡಿ ಟವಲ್ ಎಸೆದು, ಕಿಟಕಿ ಪಕ್ಕ ಕೂರಿಸಿ ಕಳಿಸುತ್ತಿದ್ದ. ಶನಿವಾರ ನಾನು ಬರುವ ಹೊತ್ತಿಗೆ ಅದೇ ಜಾಗದಲ್ಲಿ ಇರುತ್ತಿದ್ದ. ನಾನು ಇಳಿದ ಕೂಡಲೇ ಅವನು ಕೇಳುತ್ತಿದ್ದದ್ದು ಓದಿನ ವಿಷಯವಲ್ಲ, ಊಟದ ವಿಷಯವಲ್ಲ. "ಸೀಟ್ ಸಿಕ್ತಾ?"

ಹಿಂದೂಪುರದಲ್ಲಿ ಶನಿವಾರದ ಬಸ್ಸಿಗೆ ಸೀಟೇ? ಅಷ್ಟು ದೂರವೂ ನಿಂತೇ ಬಂದಿರುತ್ತಿದ್ದೆ. ಇಲ್ಲ ಎಂದರೆ ಅವನ ಮುಖ ಚಿಕ್ಕದಾಗುತ್ತಿತ್ತು, ಅಲ್ಲಿ ಟವಲ್ ಹಾಕದೇ ಇದ್ದದ್ದು ಅವನದೇ ತಪ್ಪು ಎಂಬಂತೆ.

ಆಮೇಲೆ ನನಗೆ ಹಿಂದೂಪುರದಲ್ಲೇ ಕೆಲಸವಾಯಿತು, ಮದುವೆಯಾಯಿತು. ಊರಿಗೆ ಹೋಗುವುದು ಹಬ್ಬಕ್ಕೆ ಮಾತ್ರ ಎಂಬಂತಾಯಿತು. ಮಾವನ ಶನಿವಾರ ಮಾತ್ರ ನಿಲ್ಲಲಿಲ್ಲ. ಪಕ್ಕದಲ್ಲಿ ಗಾಡಿ ನಿಲ್ಲಿಸಲು ಬಂದವರಿಗೆಲ್ಲ ನಮ್ಮ ಹುಡುಗಿಯ ಡಿಗ್ರಿ ಆಗಿದ್ದು ಈ ಜಾಗದಲ್ಲೇ ಎನ್ನುತ್ತಿದ್ದನಂತೆ. ಪರೀಕ್ಷೆ ಬರೆದದ್ದು ನಾನಲ್ಲವೇ ಎಂದರೆ, "ಕಾಯ್ತಾ ಕುಂತಿದ್ದೋನು ಯಾರು?" ಎಂದ.

ಹೀಗಿರುವಾಗ, ಅಲ್ಲಿಯತನಕ ಸರ್ಕಾರದ ಕೈಯಲ್ಲಿದ್ದ ಆ ಗಾಡಿ ಸ್ಟ್ಯಾಂಡನ್ನು ಬಸ್ಸು ಓಡಿಸುವ ಸಂಸ್ಥೆಯವರಿಗೆ ವಹಿಸಿಕೊಟ್ಟರು. ಹೊಸ ಬೋರ್ಡು, ಸುಣ್ಣ ಬಳಿದ ಕಲ್ಲು, ಗೇಟಿಗೆ ಸರಪಳಿ. ವಹಿಸಿಕೊಟ್ಟ ದಿನದ ಸಮಾರಂಭದಲ್ಲಿ ಮಾವ, ಕೊಟ್ಟವರ ಕಡೆಯ ಲಡ್ಡೂ ತಿಂದ, ತೆಗೆದುಕೊಂಡವರ ಕಡೆಯ ಲಡ್ಡೂ ತಿಂದ, ಇಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿ ಬಂದ. ಮುಂದಿನ ಶನಿವಾರ ಸರಪಳಿ ಹಿಡಿದ ಕಾವಲಿನವನು ತಡೆದ. "ಪೆದ್ದಾಯನ, ಟಿಕೆಟ್ ಏದಿ?" ಎಂದು ತೆಲುಗಿನಲ್ಲಿ ಕೇಳಿದ, ದೊಡ್ಡಯ್ಯಾ, ಟಿಕೆಟ್ ಎಲ್ಲಿ ಎಂದು. ಇನ್ನು ಮೇಲೆ ಬಸ್ಸಿನಲ್ಲಿ ಹೋಗುವವರ ಗಾಡಿಗೆ ಮಾತ್ರ ಜಾಗವಂತೆ. ಹೊಲ ಮಾರಿದರೆ ಅದರೊಳಗಿನ ಹುಣಸೆಮರ ಹೊಲದ ಜೊತೆಗೇ ಹೋಗುವುದಿಲ್ಲವೇ, ನಾನೂ ಹಾಗೆಯೇ ಎಂದು ಮಾವ ವಾದಿಸಿದ. ಹುಣಸೆಮರಕ್ಕೂ ಟಿಕೆಟ್ ಬೇಕು ಎಂದನಂತೆ ಕಾವಲಿನವನು.

ಅತ್ತೆ ಫೋನ್ ಮಾಡಿದರು. ದನಿಯಲ್ಲಿ ನಗುವಿರಲಿಲ್ಲ. "ಸವತಿ ಕಾಟ ತಪ್ತು ಅಂದ್ಕೊಂಡ್ರೆ, ನಿಮ್ಮ್ ಮಾವ ಬೀದಿ ಕಡೆ ಮುಖ ಮಾಡ್ಕೊಂಡು ಜಗಲಿ ಮೇಲೆ ಕುಂತ್ಬುಟ್ಟವ್ನೆ ಕಣಮ್ಮ. ಉಣ್ಣಾಕೂ ಏಳಾಕಿಲ್ಲ."

ನಾನು ಏನು ಮಾಡಲಿ? ಬಸ್ಸಿನವರಿಗೆ ಹೇಳಿಸೋಣವೆಂದರೆ ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಅದೇ ಚಿಂತೆಯಲ್ಲಿರುವಾಗ ಮರುವಾರ ಶನಿವಾರ ಮತ್ತೆ ಅತ್ತೆಯ ಫೋನು. ಈ ಸಲ ನಗು ತಡೆಯಲಾಗದೆ ಮಾತೇ ಹೊರಡುತ್ತಿಲ್ಲ. ಮಾವ ಹಿಂದೂಪುರದ ಬಸ್ಸಿಗೆ ಟಿಕೆಟ್ ಕೊಂಡು, ಅದನ್ನು ಕಾವಲಿನವನಿಗೆ ತೋರಿಸಿ ಮೊಪೆಡ್ ನಿಲ್ಲಿಸಿದ್ದಾನೆ. ಆಮೇಲೆ ಕಿಟಕಿಯಿಂದ ಟವಲ್ ಎಸೆದಿದ್ದಾನೆ. ಬಸ್ಸು ಹೊರಟಿದೆ. ಇವನು ಮೊಪೆಡ್ ಮೇಲೆ ಕೂತಿದ್ದಾನೆ! ಕಾವಲಿನವನು ಓಡಿಬಂದು ಕೇಳಿದರೆ, "ನಾನ್ ಹೋದ್ರೇನು, ನನ್ ಟವಲ್ ಹೋದ್ರೇನು? ಟಿಕೆಟ್ ತಗೊಂಡಿವ್ನಿ ಕಣಪ್ಪ" ಎಂದನಂತೆ.

"ಹೋಗಿ ಆ ಟವಲ್ ಈಸ್ಕೊಳ್ಳಮ್ಮ, ಇರೋದೇ ಅದೊಂದು" ಎಂದರು ಅತ್ತೆ.

ತರಕಾರಿ ಚೀಲ ಹಿಡಿದುಕೊಂಡು ಹಿಂದೂಪುರದ ಬಸ್ ಸ್ಟ್ಯಾಂಡಿಗೆ ಹೋದೆ. ಕಲ್ಯಾಣದುರ್ಗದಿಂದ ಬಂದ ಬಸ್ಸು ವಾಪಸು ಹೊರಡಲು ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕದ ಒಂದು ಸೀಟಿನಲ್ಲಿ ಮಾತ್ರ ಹಸಿರು ಅಂಚಿನ ಟವಲ್ಲು ಕಾಲು ಚಾಚಿದಂತೆ ಕೂತಿತ್ತು. ಟವಲ್ ಕೊಡಿ ಎಂದೆ. ಕಂಡಕ್ಟರು ನನ್ನನ್ನೊಮ್ಮೆ ನೋಡಿ, "ಡಿಗ್ರಿ ಮಾಡಿರೋ ಅಮ್ಮ ನೀವೇನಾ?" ಎಂದ. "ಹೋಗೋವಾಗ ಯಾರಾದ್ರೂ ಕುಂತ್ಕಳ್ಳಿ, ಹಿಂದೂಪುರದಲ್ಲಿ ನಮ್ ಡಿಗ್ರಿ ಹುಡ್ಗಿ ಹತ್ತುತಾಳೆ, ಆಗ ಯಾರ್ನೂ ಕೂರಿಸ್ಬ್ಯಾಡ ಅಂದ್ರು ಆ ಯಜಮಾನ್ರು. ನಿಮ್ ಸಲುವಾಗಿ ಎಲ್ರ ಕೈಲಿ ಬೈಸ್ಕೊಂಡಿವ್ನಿ. ಹತ್ತಮ್ಮ."

ಟವಲ್ಲಿಗೆಂದು ಬಂದವಳು ಹತ್ತಿಬಿಟ್ಟೆ. ಮನೆಗೆ ಫೋನ್ ಮಾಡಿ, ತರಕಾರಿ ನಾಳೆ ಬರುತ್ತದೆ ಎಂದೆ.

ಕಲ್ಯಾಣದುರ್ಗದಲ್ಲಿ ಇಳಿಯುವಾಗ ಕಾವಲಿನವನು ಮಾವನ ಎದುರು ನಿಂತಿದ್ದ. ಟವಲ್ಲಿನ ಪ್ರಯಾಣ ಮುಂದಿನ ವಾರ ನಡೆಯುವುದಿಲ್ಲ ಎನ್ನುತ್ತಿದ್ದ. ಹೆಂಗಸರಿಗೆ ಪುಕ್ಕಟೆಯಾಗಿ ಕೊಡುವ ಸೊನ್ನೆ ಟಿಕೆಟ್ಟನ್ನು ಅವನ ಕೈಗಿಟ್ಟೆ. ಬರುವವರನ್ನು ಕರೆದೊಯ್ಯಲು ಬಂದ ಗಾಡಿಗೆ ಜಾಗವಿಲ್ಲವೇ ಎಂದು ಕೇಳಿದೆ. ಅವನು ಟಿಕೆಟ್ಟನ್ನು ತಿರುಗಿಸಿ ನೋಡಿ, ಬರುವವರಿದ್ದರೆ ಪ್ರತಿ ಶನಿವಾರ ನಿಲ್ಲಿಸಿಕೊಳ್ಳಲಿ ಎಂದ. ಬರುತ್ತೇನೆ ಎಂದೆ.

ಮಾವನಿಗೆ ಇದಾವುದೂ ಕೇಳಿಸಿದಂತಿರಲಿಲ್ಲ. ನನ್ನ ಹೆಗಲ ಮೇಲಿನ ಟವಲ್ಲನ್ನೇ ನೋಡುತ್ತಿದ್ದ.

"ಸೀಟ್ ಸಿಕ್ತಾ?"

"ಸಿಕ್ತು ಮಾವಾ. ಕಿಟಕಿ ಪಕ್ಕದ್ದೇ."

ಮಾವ ಟವಲ್ ಇಸಿದುಕೊಂಡ. ಕನ್ನಡಿ ಧೂಳಾಗೈತೆ, ಒರೆಸಿ ಬತ್ತೀನಿ ಎಂದು ಆ ಕಡೆ ತಿರುಗಿದ. ಟವಲ್ಲು ಕಣ್ಣಿನ ಹತ್ತಿರವೇ ನಿಂತಿತು, ಕನ್ನಡಿಯ ತನಕ ಹೋಗಲೇ ಇಲ್ಲ.